ಸೊಕ್ಕಿದ್ದು ಅಡಿಕೆಯಲ್ಲ

ಅತ್ತೆಯ ಎಲೆಅಡಿಕೆಯೊಳಗೆ ಹೊಗೆಸೊಪ್ಪಿನ ಚೂರು ಇಟ್ಟವಳು ನಾನು. ಪಕ್ಕದ ಮನೆಯ ಗಿರಿಜಕ್ಕ ಕೊಟ್ಟ ಅಡಿಕೆ ಸೊಕ್ಕಿ ಅವರ ತಲೆ ತಿರುಗಿಸಿರಲಿಲ್ಲ. ಸೊಕ್ಕಿತು ಅಂತ ಊರೆಲ್ಲ ನಂಬಿತು. ಆ ನಂಬಿಕೆಗೆ ಮೊದಲು ತಲೆಯಾಡಿಸಿದವಳೂ ನಾನೇ.

ಹೀಗೆ ಒಂದೇ ಉಸಿರಿಗೆ ಹೇಳಿದರೆ, ಸೊಸೆ ಅತ್ತೆಗೆ ಮದ್ದು ಹಾಕಿದ ಕಥೆಯಂತೆ ಕೇಳಿಸುತ್ತದೆ. ನಮ್ಮಿಬ್ಬರ ನಡುವೆ ಜಗಳವಿರಲಿಲ್ಲ. ನನ್ನ ಮಾತಿನ ಮುಕ್ಕಾಲು ಪಾಲು ನಾನು ಕಲಿತದ್ದು ಅತ್ತೆಯ ಬಾಯಿಂದಲೇ. ನನಗಿದ್ದದ್ದು ಕುತೂಹಲ — ಅದನ್ನು ಕೆಟ್ಟ ಕುತೂಹಲ ಅನ್ನಬೇಕೋ ಏನೋ. ಆಗ ಹಾಗನ್ನಿಸಿರಲಿಲ್ಲ.

ನಮ್ಮದು ಮೂಡಿಗೆರೆಯಿಂದ ಕಳಸದ ಕಡೆಗೆ ಹೋಗುವ ದಾರಿಯಲ್ಲಿ ಒಂದು ಸಣ್ಣ ಕಾಫಿತೋಟ. ಇಲ್ಲಿ ಹೊಗೆಸೊಪ್ಪು ಕಾಣದ ಮನೆಯಿಲ್ಲ. ಎಲೆಅಡಿಕೆಗೆ ಬೇಕು, ಮಳೆಗಾಲದಲ್ಲಿ ತೋಟಕ್ಕಿಳಿಯುವಾಗ ಜಿಗಣೆ ಹತ್ತದಂತೆ ಕಾಲಿಗೆ ಉಜ್ಜಿಕೊಳ್ಳಲು ಬೇಕು. ಆದರೆ ಅದರ ಗಿಡ ಹೇಗಿರುತ್ತದೆ ಅಂತ ಕೇಳಿ ನೋಡಿ — ಒಬ್ಬರಿಗೂ ಗೊತ್ತಿಲ್ಲ. ಅಂಗಡಿಯಲ್ಲಿ ಒಣಗಿದ ಕಂದು ಎಲೆ ಕಂಡವರೇ ಎಲ್ಲ.

ನನ್ನ ತಂಗಿಯನ್ನು ಹುಣಸೂರಿನ ಕಡೆ ಕೊಟ್ಟಿದೆ. ಅಲ್ಲಿಗೆ ಹೋದಾಗ ಮೊದಲ ಸಲ ಆ ಹೊಲ ನೋಡಿದೆ. ಬೀಜ ತೋರಿಸು ಅಂದೆ. ಅವಳು ಅಂಗೈಗೆ ಸುರಿದದ್ದು ಬೀಜವೋ ಕಾಫಿಪುಡಿಯೋ ಗೊತ್ತಾಗದಷ್ಟು ನುಣ್ಣನೆಯ ಧೂಳು.

"ಉಸ್ರು ಬುಡ್ಬೇಡ ಕಣಕ್ಕಾ," ಅಂದಳು, "ಒಂದೆಕ್ರೆ ಬೀಜ ಹಾರೋಯ್ತದೆ!"

ಅದನ್ನು ಕಾಗದದಲ್ಲಿ ಮಡಚಿ ತಂದೆ. ಯಾಕೆ ತಂದೆ? ಸುಮ್ಮನೆ. ನಮ್ಮ ಮಣ್ಣಿನಲ್ಲಿ ಬರುತ್ತದೋ ನೋಡಬೇಕಿತ್ತು, ಅಷ್ಟೇ. ಮಳೆ ಕಳೆದ ಮೇಲೆ ಬೂದಿ ಬೆರೆಸಿ ಹಳೇ ಬಕೆಟ್ಟಿನ ಮಣ್ಣಿನ ಮೇಲೆ ಉದುರಿಸಿದೆ. ಇನ್ನು ಹುಟ್ಟುವುದಿಲ್ಲ ಅಂದುಕೊಂಡಾಗ ಮಣ್ಣಿನ ಮೇಲೆ ಹಸಿರು ಪಾಚಿಯಂತೇನೋ ಕಂಡಿತು. ಕನ್ನಡಕ ಹಾಕಿ ನೋಡಿದರೆ ಅದು ಪಾಚಿಯಲ್ಲ, ಸಸಿ! ಗಟ್ಟಿಯಾದ ನಾಲ್ಕನ್ನು ಬಚ್ಚಲಮನೆಯ ಹಿಂದೆ ನೆಟ್ಟೆ. ಬಚ್ಚಲೊಲೆಯ ಬೂದಿ ತಿಂದು ಅವು ನನ್ನೆದೆಯ ಎತ್ತರಕ್ಕೆ ಬಂದವು. ಎಲೆ ಮುಟ್ಟಿದರೆ ಬೆರಳಿಗೆ ಅಂಟು. ಸಣ್ಣ ಸೊಳ್ಳೆಗಳು ಅದಕ್ಕೆ ಮೆತ್ತಿಕೊಂಡು ಸತ್ತಿರುತ್ತಿದ್ದವು. ಸಂಜೆಯಾದರೆ ತಿಳಿ ಗುಲಾಬಿ ಹೂವು ತುತ್ತೂರಿಯಂತೆ ಬಾಯಿ ತೆರೆಯುತ್ತಿತ್ತು. ಹೂ ಚಿವುಟಿದರೆ ಎಲೆ ದಪ್ಪವಾಗುತ್ತದೆ ಎಂದು ತಂಗಿ ಹೇಳಿದ್ದಳು. ಮೂರರದ್ದು ಚಿವುಟಿದೆ, ಒಂದರದ್ದು ಮನಸ್ಸಾಗದೆ ಬಿಟ್ಟೆ.

ಈಗ ಅತ್ತೆಯ ವಿಷಯ ಹೇಳಬೇಕು. ನಲವತ್ತು ವರ್ಷ ಹೊಗೆಸೊಪ್ಪು ಹಾಕಿದವರು. ಕಾಶಿಗೆ ಹೋದವರು ಬಾಯಿಗೆ ಇಷ್ಟವಾದದ್ದೊಂದನ್ನು ಅಲ್ಲೇ ಬಿಟ್ಟು ಬರಬೇಕಲ್ಲ — ಜಾಣರು ಹಾಗಲಕಾಯಿ ಬಿಟ್ಟು ಬರುತ್ತಾರೆ. ಅತ್ತೆ ಹೊಗೆಸೊಪ್ಪನ್ನೇ ಬಿಟ್ಟು ಬಂದರು. ಆಮೇಲೆ ಬರೀ ಎಲೆ, ಸುಣ್ಣ, ಅಡಿಕೆ. ಅಡಿಕೆ ಪಕ್ಕದ ಮನೆಯ ಗಿರಿಜಕ್ಕನದ್ದು. ದಿನಾ ಮಧ್ಯಾಹ್ನ ಊಟವಾದ ಮೇಲೆ ಗಿರಿಜಕ್ಕ ಬಂದು ಜಗಲಿಯಲ್ಲಿ ಕೂತು, ತನ್ನ ಮನೆಯ ಅಡಿಕೆಯನ್ನು ತಾನೇ ಕತ್ತರಿಸಿ ಅತ್ತೆಗೆ ಕೊಡಬೇಕು. ಇಬ್ಬರೂ ಬಾಯಿ ಕೆಂಪು ಮಾಡಿಕೊಂಡು ಊರಿನ ಸುದ್ದಿಯನ್ನೆಲ್ಲ ಅಗಿಯಬೇಕು.

"ನಿನ್ನ ಸೊಸೆ ಬಚ್ಚಲ ಹಿಂದೆ ತೇಗದ ಪ್ಲಾಂಟೇಶನ್ ಮಾಡ್ತಿದಾಳೆ ಕಣಕ್ಕ, ನೋಡ್ದ್ಯಾ?" ಅಂದರು ಗಿರಿಜಕ್ಕ ಒಂದು ದಿನ.

ಅತ್ತೆ ಎದ್ದು ಬಂದು ನೋಡಿದರು. ಎಲೆಯನ್ನು ಬೆರಳಲ್ಲಿ ಎತ್ತಿ, ಮೂಸಿ, "ಎಂಥದೇ ಮಾರಾಯ್ತಿ ಇದು, ಕೆಸುವಿನ ಹಾಗೆ?" ಅಂದರು.

ನಾನು ಹೂವಿನ ಗಿಡ ಅಂದೆ. ಹೂ ಬಿಟ್ಟಿತ್ತಲ್ಲ, ಪೂರ್ತಿ ಸುಳ್ಳಲ್ಲ ಅಂದುಕೊಂಡೆ.

ನನ್ನ ತಲೆಗೆ ಹುಳ ಹೊಕ್ಕಿದ್ದು ಅಲ್ಲೇ. ನಲವತ್ತು ವರ್ಷ ಬಾಯೊಳಗಿದ್ದದ್ದು ಗಿಡವಾಗಿ ಎದುರಿಗೆ ನಿಂತರೆ ಕಣ್ಣು ಗುರುತು ಹಿಡಿಯಲಿಲ್ಲ. ನಾಲಿಗೆ ಹಿಡಿಯುತ್ತದೆಯೇ?

ಎಲೆ ಹಳದಿಗೆ ತಿರುಗಿದಂತೆ ಕಿತ್ತು ಬಚ್ಚಲೊಲೆಯ ಮೇಲಿನ ಅಟ್ಟದಲ್ಲಿ ದಾರ ಕಟ್ಟಿ ಹೊಗೆಗೆ ನೇತುಹಾಕಿದೆ. ಮೊದಲಿನವು ಬೂಷ್ಟು ಹಿಡಿದವು. ಎರಡನೆಯ ಸಲದವು ಒಣಗಿ, ಚೆನ್ನಾಗಿಯೇ ಕಂದಾದವು. ಅತ್ತೆಯ ಬೆರಳಿಗೆ ಸಂಧಿವಾತವಾದ್ದರಿಂದ ಅವರ ಎಲೆ ಮಡಚಿಕೊಡುತ್ತಿದ್ದವಳು ನಾನು. ಆ ಮಧ್ಯಾಹ್ನ ಉಗುರಿನಷ್ಟು ಚೂರನ್ನು ಅಡಿಕೆಯ ಕೆಳಗಿಟ್ಟು ಮಡಚಿದೆ. ಗಿರಿಜಕ್ಕ ಎದುರಿಗೇ ಅಡಿಕೆ ಕತ್ತರಿಸುತ್ತಾ ಕೂತಿದ್ದರು. ಕಾಶಿಯ ನೆನಪು ನನಗೆ ಬರಲೇ ಇಲ್ಲವೇ? ಬಂತು. ಉಗುರಿನಷ್ಟಕ್ಕೆ ಏನಾಗುತ್ತದೆ ಅಂದುಕೊಂಡೆ.

ಅತ್ತೆ ಅಗಿದರು. ಒಂದು ಕ್ಷಣ ದವಡೆ ನಿಂತಿತು. ನನ್ನನ್ನು ನೋಡಿದರು — ನೋಡಿದರೋ, ನನ್ನ ಹಿಂದಿನ ಅಂಗಳವನ್ನು ನೋಡಿದರೋ, ಇವತ್ತಿಗೂ ಗೊತ್ತಿಲ್ಲ. ಮತ್ತೆ ಅಗಿಯತೊಡಗಿದರು.

ನಾನು ಯೋಚಿಸದೆ ಬಿಟ್ಟದ್ದೊಂದಿತ್ತು. ಹೊಗೆಸೊಪ್ಪು ಹಾಕುವವರು ರಸ ಉಗಿಯುತ್ತಾರೆ. ಅತ್ತೆ ಅದನ್ನು ಬಿಟ್ಟ ಮೇಲೆ ಉಗಿಯುವುದನ್ನೂ ಬಿಟ್ಟಿದ್ದರು, ರಸವನ್ನು ನುಂಗುತ್ತಿದ್ದರು. ಅವತ್ತೂ ನುಂಗಿದರು.

ಸ್ವಲ್ಪ ಹೊತ್ತಿಗೆ ಬಿಕ್ಕಳಿಕೆ ಬಂತು, ಆಮೇಲೆ ಬೆವರು. ಮುಖ ಬೂದಿಯಾಯಿತು. ಜಗಲಿಯಿಂದ ಏಳಲು ಹೋದವರು ವಾಂತಿ ಮಾಡಿಕೊಂಡು ಮೆಟ್ಟಿಲ ಮೇಲೆ ಕುಸಿದರು. ಗಿರಿಜಕ್ಕ ಅವರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂಗಿದರು:

"ಅಯ್ಯೋ, ಅಡಿಕೆ ಸೊಕ್ಕಿತು ಕಣೆ! ಈ ಸಲದ್ದು ಹೊಸದು, ಸರಿ ಒಣಗಿರ್ಲಿಲ್ಲ. ನಾನೇ ಕೊಟ್ಟೆನಲ್ಲೇ!"

ಎಳೆ ಅಡಿಕೆ ಸೊಕ್ಕುತ್ತದೆ, ತಲೆ ತಿರುಗಿಸಿ ಬೆವರಿಳಿಸುತ್ತದೆ — ನಮ್ಮ ಕಡೆ ಮಕ್ಕಳಿಗೂ ಗೊತ್ತು. ನಾನು ಬಾಯಿ ತೆರೆದೆ. ಬಂದ ಮಾತು ಇದು:

"ಹೌದು, ಅಡಿಕೆಯೇ ಇರ್ಬೇಕು."

ಜೀಪಿನಲ್ಲಿ ಮೂಡಿಗೆರೆಗೆ ಹೋದೆವು. ಏನು ತಿಂದಿದ್ದರು ಅಂತ ಡಾಕ್ಟರು ಕೇಳಿದಾಗಲೂ ಅಡಿಕೆ ಅಂದೆ. ಜೀವದ ಪ್ರಶ್ನೆ ಎದುರಿಗಿದ್ದಾಗಲೂ ನನಗೆ ನನ್ನ ಮಾನವೇ ದೊಡ್ಡದಾಯಿತು. ಅತ್ತೆ ಉಳಿದರು. ಅದು ನನ್ನ ಪುಣ್ಯವೇನಲ್ಲ. ಮನೆಗೆ ಬಂದವಳೇ ಗಿಡಗಳನ್ನು ಬೇರು ಸಮೇತ ಕಿತ್ತು ಬಚ್ಚಲೊಲೆಗೆ ತುಂಬಿದೆ.

ನಮ್ಮ ಯಜಮಾನರು ಗಿರಿಜಕ್ಕನ ಅಂಗಳಕ್ಕೆ ಹೋಗಿ, "ಹಸಿ ಅಡಿಕೆ ಕೊಟ್ಟು ನಮ್ಮ ಅವ್ವನ್ನ ಸಾಯ್ಸಕ್ಕೆ ಹೊರಟಿದ್ರಾ?" ಅಂತ ಕೂಗಾಡಿ ಬಂದರು. ನಾನು ಒಳಗೆ ಪಾತ್ರೆ ತೊಳೆಯುತ್ತಿದ್ದೆ, ಎಲ್ಲ ಕೇಳಿಸಿತು. ಮರುದಿನದಿಂದ ಗಿರಿಜಕ್ಕ ಜಗಲಿಗೆ ಬರಲಿಲ್ಲ. ಅತ್ತೆ ಎಲೆಅಡಿಕೆಯನ್ನೇ ಬಿಟ್ಟರು. ಮಧ್ಯಾಹ್ನ ಮಾತ್ರ ಜಗಲಿಯ ಅದೇ ಜಾಗದಲ್ಲಿ ಕೂತಿರುತ್ತಿದ್ದರು, ಸುಮ್ಮನೆ.

ಮೊದಲು ಹೆದರಿಕೆಯಿಂದ ಹೇಳಲಿಲ್ಲ. ಆಮೇಲೆ ಹೇಳದಿರಲು ಒಳ್ಳೆಯ ಕಾರಣವೊಂದು ಸಿಕ್ಕಿತು: ಹೇಳಿದರೆ ಅತ್ತೆಯ ಕಾಶಿಯ ಮಾತು ಮುರಿದದ್ದು ಅವರಿಗೆ ತಿಳಿದುಹೋಗುತ್ತದೆ, ಪಾಪ. ಹೀಗೆ ಅತ್ತೆಯ ಸೆರಗಿನ ಹಿಂದೆ ಅವಿತುಕೊಂಡು ವರ್ಷಗಳನ್ನು ಕಳೆದೆ.

ಮೊನ್ನೆ ಗಿರಿಜಕ್ಕ ಮೊಮ್ಮಗಳ ಮದುವೆಗೆ ಕರೆಯಲು ಬಂದರು. ನಮ್ಮ ಮನೆಯೊಂದನ್ನು ಬಿಟ್ಟು ಕರೆದರೆ ಊರು ಏನಾದರೂ ಅನ್ನುತ್ತದಲ್ಲ, ಅದಕ್ಕೆ ಬಂದದ್ದು. ಕುಂಕುಮ ಕೊಟ್ಟು ತಟ್ಟೆ ಮುಂದೆ ಹಿಡಿದರು. ತೆಂಗಿನಕಾಯಿ, ವೀಳ್ಯದೆಲೆ, ಬಾಳೆಹಣ್ಣು. ಅಡಿಕೆಯಿರಲಿಲ್ಲ.

"ಅಡಿಕೆ ಇಟ್ಟಿಲ್ಲ ವನಜಾ," ಅಂದರು, ಮುಖ ನೋಡದೆ. "ನಮ್ಮನೆ ಅಡಿಕೆ ನಿಮ್ಗೆ ಆಗಲ್ಲ ಅಲ್ವಾ."

ಅವರು ಗೇಟು ದಾಟುವವರೆಗೆ ನಾನು ತಟ್ಟೆ ಹಿಡಿದೇ ನಿಂತಿದ್ದೆ.

ಇವತ್ತು ಊಟವಾದ ಮೇಲೆ ಮೊದಲು ಅತ್ತೆಗೆ ಹೇಳಿದೆ. ಅವರಿಗೀಗ ಕಿವಿ ಮಂದ. ಪಿಸುಮಾತಿನಲ್ಲಿ ಹೇಳಬೇಕೆಂದು ಇಷ್ಟು ವರ್ಷ ಒಳಗಿಟ್ಟುಕೊಂಡದ್ದನ್ನು ಎರಡೆರಡು ಸಲ ಕೂಗಿ ಹೇಳಬೇಕಾಯಿತು. ಅತ್ತೆ ತಮ್ಮ ಬೆರಳುಗಳನ್ನು ನೋಡಿಕೊಂಡರು.

"ಗಿರಿಜಂಗೆ ಹೇಳ್ದ್ಯಾ?"

"ಇಲ್ಲ ಅತ್ತೆ."

"ಮತ್ತೆ ನನ್ನ ಹತ್ರ ಎಂತ ಹೇಳ್ತಾ ಕೂತಿದೀಯ? ಕಾಶೀದು ನಾನು ನೋಡ್ಕೊಳ್ತೀನಿ. ಹೋಗು."

ಅವತ್ತು ನಿಮ್ಮ ನಾಲಿಗೆಗೆ ಗೊತ್ತಾಯಿತೇ — ಈ ಪ್ರಶ್ನೆ ಆಗಲೂ ನನ್ನ ಗಂಟಲಲ್ಲಿತ್ತು, ನಾಚಿಕೆಯಿಲ್ಲದ ಪ್ರಶ್ನೆ. ಗೊತ್ತಾಗಿತ್ತು ಅಂದರೆ ನನ್ನ ತಪ್ಪಿನಲ್ಲಿ ಅವರಿಗೂ ಒಂದು ಪಾಲು ಹಂಚಿ ಹಗುರಾಗುತ್ತಿದ್ದೆನೋ ಏನೋ. ಕೇಳಲಿಲ್ಲ. ಚಪ್ಪಲಿ ಮೆಟ್ಟಿ ಹೊರಟೆ.

ಗಿರಿಜಕ್ಕ ಅಂಗಳದ ಟಾರ್ಪಾಲಿನ ಮೇಲೆ ಕಾಳುಮೆಣಸು ಹರವುತ್ತಿದ್ದರು. ನಿಂತಲ್ಲೇ ಹೇಳಿದೆ, ಸುತ್ತಿ ಬಳಸದೆ. ಅವರ ಕೈ ನಿಂತಿತು. ಬೈಯುತ್ತಾರೆ ಅಂದುಕೊಂಡೆ. ಬೈಯಲೂ ಇಲ್ಲ.

"ಅದೇ ಚೀಲದ ಅಡಿಕೇನ ಆಮೇಲೆ ನಾನು ದಿನಾ ತಿಂದೆ ಕಣೆ," ಅಂದರು ಮೆಲ್ಲಗೆ. "ನಂಗೂ ಸೊಕ್ಕುತ್ತಾ ನೋಡನ ಅಂತ. ಚೀಲ ಖಾಲಿ ಆಗೋವರೆಗೂ ತಿಂದೆ. ಒಂದು ದಿನಾನೂ ಸೊಕ್ಕಲಿಲ್ಲ. ಆದ್ರೂ ತಪ್ಪು ನಂದೇ ಅಂದ್ಕೊಂಡೆ."

 

ಅವರು ಸೆರಗಿನಲ್ಲಿ ಕೈಯೊರೆಸಿಕೊಂಡು ಎದ್ದರು. "ಅಕ್ಕ ಒಬ್ಳೇ ಇದಾಳಾ?"

"ಹೂಂ. ಜಗಲೀಲಿದಾರೆ."

"ಇಲ್ಲೇ ಇರು. ಕೋಳಿ ಬಂದು ಕೆದಕ್ತಾವೆ, ಓಡ್ಸು."

ಅಷ್ಟು ಹೇಳಿ, ನನ್ನ ಪಕ್ಕದಿಂದಲೇ ಹಾದು ನಮ್ಮ ಮನೆಯ ಕಡೆ ನಡೆದರು. ಕ್ಷಮಿಸಿದೆ ಅನ್ನಲಿಲ್ಲ, ಕೇಳುವ ಮುಖ ನನಗೂ ಇರಲಿಲ್ಲ. ಒಂದು ಕೋಲು ಹಿಡಿದು ಮೆಣಸಿನ ಪಕ್ಕ ಕೂತೆ. ಬಿಸಿಲು ಇಳಿಯಿತು, ಕೋಳಿಗಳು ಗೂಡು ಸೇರಿದವು. ಗಿರಿಜಕ್ಕ ಇನ್ನೂ ವಾಪಸು ಬಂದಿರಲಿಲ್ಲ. ಮೆಣಸನ್ನು ನಾನೇ ರಾಶಿ ಮಾಡಿ, ಇಬ್ಬನಿ ಬೀಳುವ ಮೊದಲು ಟಾರ್ಪಾಲು ಮುಚ್ಚಿದೆ.