ಬೀಪಕ್ಕನ ಕಿವಿಗೆ ಬೀಳದ ಕೂಗು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಎದುರಿನ ಗೋದಾಮಿಗೆ ಲಾರಿಗಳು ಬರಲು ಹೊತ್ತಿದೆ. ಮಹಡಿ ಮೆಟ್ಟಿಲ ಕೆಳಗಿನ ಅಂಗಡಿಯ ಷಟರನ್ನು ಅರ್ಧ ಎತ್ತಿ, ತಲೆ ತಗ್ಗಿಸಿ ಒಳಗೆ ಹೋಗುವ ಹೆಂಗಸು ಮೊದಲು ಮಾಡುವ ಕೆಲಸ ಗೋಡೆ ಗಡಿಯಾರದ ಸೆಲ್ ತೆಗೆದಿಡುವುದು. ಟಿಕ್ ಟಿಕ್ ಸದ್ದೂ ಬೇಡ. ಆಮೇಲೆ ಬೆಂಚಿನ ಮೇಲೆ ಹೊಟ್ಟೆ ಬಿಚ್ಚಿಕೊಂಡು ಮಲಗಿರುವ ಕಂಪ್ಯೂಟರಿನ ಗುಂಡಿ ಒತ್ತಿ, ಕಣ್ಣು ಮುಚ್ಚಿ, ಬಲಗಿವಿಯನ್ನು ಅದರ ಹತ್ತಿರ ಒಯ್ದು ಉಸಿರು ಬಿಗಿಹಿಡಿದು ನಿಲ್ಲುತ್ತಾರೆ.

ಸುತ್ತಲಿನ ಬೀದಿಗಳಿಗೆಲ್ಲ ಅವರು ಬೀಪಕ್ಕ. ಸ್ವಂತ ಹೆಸರು ಯಾರಿಗೂ ನೆನಪಿಲ್ಲ, ಅದಕ್ಕೆ ಅವರ ತಕರಾರೂ ಇಲ್ಲ.

"ಕಂಪ್ಯೂಟರ್ ಏಳುವಾಗ ತನ್ನ ಕೈಕಾಲು ತಾನೇ ಮುಟ್ಟಿ ನೋಡ್ಕೊಳ್ಳತ್ತೆ. ಎಲ್ಲಾದ್ರೂ ನೋವಿದ್ದು, ಪರದೆ ಮೇಲೆ ಹೇಳೋಕೂ ಆಗದಿದ್ರೆ, ಒಳಗೆ ಅಂಗಿ ಗುಂಡಿಯಷ್ಟು ಒಂದು ಸ್ಪೀಕರ್ ಇರತ್ತಲ್ಲ, ಅದರಿಂದ ಬೀಪ್ ಅಂತ ಕೂಗತ್ತೆ. ಎಷ್ಟು ಸಲ ಕೂಗ್ತು, ಉದ್ದವೋ ಗಿಡ್ಡವೋ, ಅದನ್ನ ಕೇಳಿದ್ರೆ ಕಾಯಿಲೆ ಎಲ್ಲಿದೆ ಅಂತ ಗೊತ್ತಾಗತ್ತೆ. ಕೂಗದೆ ಸುಮ್ಮನೆ ಬಿದ್ಕೊಂಡಿದ್ರೆ ಮಾತ್ರ ಕಷ್ಟ. ಬೋರ್ಡೇ ಹೋಗಿದೆ ಅಂತ ಲೆಕ್ಕ" ಎನ್ನುತ್ತಾರೆ ಬೀಪಕ್ಕ.

ಕೆಲಸ ಕಲಿತಿದ್ದು ಪೊರಕೆ ಹಿಡಿದು. ಕಂಪ್ಯೂಟರ್ ತರಬೇತಿ ಕೇಂದ್ರವೊಂದರಲ್ಲಿ ಕಸ ಗುಡಿಸುತ್ತಿದ್ದ ಹುಡುಗಿಯ ಕೈಗೆ ಅಲ್ಲಿನ ಮೆಕ್ಯಾನಿಕ್ ಟಾರ್ಚ್ ಕೊಟ್ಟು, ಬೆಳಕು ಬಿಡು ಅಂದನಂತೆ. ಬೆಳಕು ಬಿಡುತ್ತ ಬಿಡುತ್ತ ಅವಳು ಎಲ್ಲವನ್ನೂ ನೋಡಿಕೊಂಡಳು. ಕೇಂದ್ರ ಮುಚ್ಚಿದಾಗ ಸಂಬಳದ ಬಾಕಿಗೆ ಬದಲಾಗಿ ಸಿಕ್ಕಿದ್ದು ಈ ಮರದ ಬೆಂಚು ಮತ್ತು ಧೂಳು ಊದುವ ಒಂದು ಬ್ಲೋವರ್. ಆ ಬ್ಲೋವರ್ ಅಂಗಡಿಯನ್ನು ನಡೆಸಿತು, ಹಾಗೆಯೇ ಕಿವಿಯನ್ನೂ ತಿಂದಿತು. ಕೈ ಚಾಚಿದರೆ ಎರಡೂ ಗೋಡೆ ಮುಟ್ಟುವಷ್ಟು ಜಾಗದಲ್ಲಿ ವರ್ಷಗಟ್ಟಲೆ ಅದರ ಅಬ್ಬರ ಕೇಳಿದ ಕಿವಿ ಎಷ್ಟು ದಿನ ತಡೆದೀತು?

"ಮೂಗಿಗೆ ಬಟ್ಟೆ ಕಟ್ಕೊಳ್ತಿದ್ದೆ. ಕಿವಿಗೂ ಏನಾದ್ರೂ ಇಟ್ಕೋಬೇಕು ಅಂತ ಹೊಳೀಲೇ ಇಲ್ಲ" ಎನ್ನುವಾಗ ಅವರ ದನಿ ಸಣ್ಣಗಾಗುತ್ತದೆ.

ಮನೆಯಲ್ಲಿ ಟೈಲರ್ ಗಂಡ ಹೊಲಿಗೆ ಯಂತ್ರದ ಮುಂದೆ ಕುಳಿತು ಮೂರು ಸಲ ಕರೆದರೂ ಬೀಪಕ್ಕ ತಿರುಗುವುದಿಲ್ಲ. ಗಂಡ ಕರೆದದ್ದು ಕೇಳಿಸದ ಹೆಂಡತಿಯರು ಎಲ್ಲ ಮನೆಗಳಲ್ಲೂ ಇರುವುದರಿಂದ ಅದನ್ನು ಯಾರೂ ಕಾಯಿಲೆ ಎಂದುಕೊಳ್ಳಲಿಲ್ಲ. ಟಿವಿಯ ದನಿ ಕುಗ್ಗಿದಂತೆ ತೋರಿದಾಗ ಬೀಪಕ್ಕ ಸ್ಕ್ರೂಡ್ರೈವರ್ ತಂದು ಟಿವಿಯನ್ನೇ ಬಿಚ್ಚಿದರು. ಒಂದು ಸಲವಲ್ಲ, ಎರಡು ಸಲ. ಸ್ಪೀಕರ್ ಗಟ್ಟಿಮುಟ್ಟಾಗಿಯೇ ಇತ್ತು. ಆವತ್ತೇ ಒಳಗೊಳಗೆ ಅಳುಕು ಹುಟ್ಟಿತು, ಬಾಯಿ ಬಿಟ್ಟು ಯಾರಿಗೂ ಹೇಳಲಿಲ್ಲ. ಅಂಗಡಿಯನ್ನು ನಸುಕಿನಲ್ಲೇ ತೆರೆಯತೊಡಗಿದರು. ಕೇಳಿದವರಿಗೆ, ಬೆಳಗಿನ ಹೊತ್ತು ಕರೆಂಟ್ ಸಮ ಇರತ್ತೆ ಅಂದರು.

ಇವತ್ತು ಷಟರ್ ಪೂರ್ತಿ ಏಳುವ ಮೊದಲೇ ಆಟೋ ಬಂದು ನಿಲ್ಲುತ್ತದೆ. ಬೆಡ್‌ಶೀಟಿನಲ್ಲಿ ಸುತ್ತಿದ ಕಂಪ್ಯೂಟರನ್ನು ಗಂಡ ಹೆಂಡತಿ ಇಬ್ಬರೂ ಹಿಡಿದುಕೊಂಡು ಇಳಿಸುತ್ತಾರೆ. ಗಂಡನ ಕುತ್ತಿಗೆಗೆ ಬಿಳಿ ಬಟ್ಟೆ ಕಟ್ಟಿದೆ. ಮಾತಾಡುವವಳು ಹೆಂಡತಿ ಮಾತ್ರ, ಅದೂ ಗಟ್ಟಿ ದನಿಯಲ್ಲಿ.

"ಇವ್ರು ಬಸ್ ಕಂಡಕ್ಟರ್ ಆಗಿದ್ರಕ್ಕ. ಗಂಟಲಿನ ಕಾಯಿಲೆಗೆ ಆಪರೇಷನ್ ಆಗಿ ಸ್ವರ ಹೋಯ್ತು. ಹೋಗೋ ಮುಂಚೆ ಒಂದು ತಿಂಗಳು ಕೂತು ಮಾತೆಲ್ಲ ಇದಕ್ಕೆ ತುಂಬಿಸಿದ್ರು. ಗುಂಡಿ ಒತ್ತಿದ್ರೆ ಇವ್ರ ಸ್ವರದಲ್ಲೇ ಮಾತಾಡತ್ತೆ. ಮೊನ್ನೆಯಿಂದ ಏಳ್ತಾ ಇಲ್ಲ." ಆಕೆ ಸುತ್ತಿದ ಬಟ್ಟೆ ಬಿಚ್ಚುತ್ತಾಳೆ. "ಈ ಪ್ರೋಗ್ರಾಂ ಮಾಡಿಕೊಟ್ಟವರು ತೀರಿಕೊಂಡಿದ್ದಾರೆ. ಬೇರೆ ಕಂಪ್ಯೂಟರಿಗೆ ಹಾಕಿದ್ರೆ ತೆರೆಯಲ್ವಂತೆ. ಈ ಬೋರ್ಡೇ ಬೇಕಂತೆ. ಇಬ್ಬರು ರಿಪೇರಿಯವರ ಹತ್ರ ಫೋನಲ್ಲೇ ವಿಚಾರಿಸಿ ಬಂದ್ವಿ."

ಬೀಪಕ್ಕ ಪೆಟ್ಟಿಗೆ ಬಿಚ್ಚಿ, ಗುಂಡಿ ಒತ್ತಿ, ಕಣ್ಣು ಮುಚ್ಚುತ್ತಾರೆ. ಫ್ಯಾನ್ ತಿರುಗುವುದು ಬೆರಳಿಗೆ ತಿಳಿಯುತ್ತದೆ. ಪರದೆ ಕಪ್ಪಾಗಿಯೇ ಇದೆ. ಕಿವಿಗೆ ಏನೂ ಬೀಳುವುದಿಲ್ಲ. ಆರಿಸಿ ಮತ್ತೆ ಹಾಕುತ್ತಾರೆ, ಎಡಗಿವಿ ಕೊಡುತ್ತಾರೆ. ಏನೂ ಇಲ್ಲ.

"ಬೋರ್ಡ್ ಹೋಗಿದೆ ತಂಗಿ. ಇದು ಇನ್ನು ಏಳಲ್ಲ."

ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡು ಸ್ಟೂಲಿನ ಮೇಲೆ ಕುಸಿಯುತ್ತಾಳೆ. ಆ ದುಃಖದಲ್ಲಿ ಅವಳಿಗೆ ಬೇರೇನೂ ಕೇಳಿಸದು. ಬೀಪಕ್ಕ ಸಮಾಧಾನ ಹೇಳುವ ದನಿಯಲ್ಲಿ, "ಒಂದು ಬೀಪಾದ್ರೂ ಬಂದಿದ್ರೆ ಏನಾದ್ರೂ ಮಾಡಬಹುದಿತ್ತು" ಎನ್ನುತ್ತಾರೆ.

ಕಂಡಕ್ಟರ್ ಥಟ್ಟನೆ ತಲೆ ಎತ್ತುತ್ತಾರೆ. ಪೆಟ್ಟಿಗೆಯನ್ನು ನೋಡುತ್ತಾರೆ, ಬೀಪಕ್ಕನ ಮುಖ ನೋಡುತ್ತಾರೆ. ಆಮೇಲೆ ಬೆಂಚಿನ ಮೇಲೆ ಕೈ ಬಡಿಯುತ್ತಾರೆ. ತಟ್, ತಟ್, ತಟ್. ಸಿಟ್ಟು ಬಂದಿರಬೇಕು, ಪಾಪ, ಎಂದುಕೊಳ್ಳುತ್ತಾರೆ ಬೀಪಕ್ಕ. ಕೈ ತಡೆದು, ಮತ್ತೆ ಬಡಿಯುತ್ತದೆ. ತಟ್, ತಟ್, ತಟ್. ಬಸ್ಸಿನ ಮೈ ತಟ್ಟಿ ತಟ್ಟಿಯೇ ಚಾಲಕನಿಗೆ ನಿಲ್ಲು, ಹೊರಡು ಎಂದು ಹೇಳಿ ಪಳಗಿದ ಕೈ ಅದು. ಮರದ ಅದುರು ಬೀಪಕ್ಕನ ಮೊಣಕೈ ತನಕ ಬರುತ್ತದೆ. ಕಂಡಕ್ಟರ್ ಪೆಟ್ಟಿಗೆಯತ್ತ ಬೆರಳು ತೋರಿಸಿ, ತಮ್ಮ ಕಿವಿ ಮುಟ್ಟಿಕೊಳ್ಳುತ್ತಾರೆ.

"ಕೂಗ್ತಾ ಇದೆಯಾ?"

ಅವರು ತಲೆಯಾಡಿಸುತ್ತಾರೆ.

ಬೀಪಕ್ಕನ ಮುಖ ಬಿಳಿಚಿಕೊಳ್ಳುತ್ತದೆ. ಇಷ್ಟು ದಿನ ಕಾಪಾಡಿಕೊಂಡು ಬಂದ ಗುಟ್ಟು ಹೊರಬಿತ್ತೆಂಬ ನಾಚಿಕೆಗಿಂತ ದೊಡ್ಡ ಭಯವೊಂದು ಅವರನ್ನು ಹಿಡಿಯುತ್ತದೆ. ಇದೇ ಬೆಂಚಿನಿಂದ, ಸದ್ದಿಲ್ಲ, ಹೋಗಿದೆ ಎಂದು ವಾಪಸ್ ಕಳಿಸಿದ ಪೆಟ್ಟಿಗೆಗಳೆಷ್ಟು? ಅವುಗಳಲ್ಲಿ ಯಾರ್‍ಯಾರದು ಏನೇನು ಇತ್ತೋ!

ಆದರೆ ಈಗ ಅಳುತ್ತ ಕೂರುವ ಹೊತ್ತಲ್ಲ. ಈ ಬೋರ್ಡಿನಲ್ಲಿ ಮೂರು ಗಿಡ್ಡ ಕೂಗು ಅಂದರೆ ತೊಂದರೆ ಕಂಪ್ಯೂಟರಿನ ನೆನಪಿನ ಪಟ್ಟಿಯಲ್ಲಿ, ಎಂದರೆ ರ್‍ಯಾಮಿನಲ್ಲಿ. ಬೀಪಕ್ಕ ಕಂಪ್ಯೂಟರ್ ಆರಿಸಿ, ಎರಡು ರ್‍ಯಾಮ್ ಪಟ್ಟಿಗಳನ್ನೂ ಕಿತ್ತು, ಅವುಗಳ ಹೊಂಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜುತ್ತಾರೆ. ಕೂರುವ ಸಂದನ್ನು ಬ್ರಷ್‌ನಿಂದ ಗುಡಿಸುತ್ತಾರೆ. ಎರಡನ್ನೂ ಕೂರಿಸಿ ಗುಂಡಿ ಒತ್ತಿ, ಈ ಸಲ ಕಿವಿ ಕೊಡದೆ ಕಂಡಕ್ಟರರ ಕೈಯನ್ನೇ ನೋಡುತ್ತಾರೆ. ತಟ್, ತಟ್, ತಟ್. ಆರಿಸಿ, ಒಂದು ಪಟ್ಟಿ ತೆಗೆದಿಟ್ಟು ಮತ್ತೆ ಒತ್ತುತ್ತಾರೆ. ಹೆಂಡತಿಯೂ ಸೆರಗು ಇಳಿಸಿ ಎದ್ದು ಬಂದಿದ್ದಾಳೆ.

ಕೈ ಒಂದೇ ಸಲ ಬಡಿದು ನಿಲ್ಲುತ್ತದೆ. ಒಂದೇ ಬೀಪ್ ಅಂದರೆ ಎಲ್ಲ ಸರಿ ಎಂದರ್ಥ. ಪರದೆ ಬೆಳಗುತ್ತದೆ.

ಕಂಡಕ್ಟರ್ ಕೀಲಿಮಣೆಯನ್ನು ತಮ್ಮತ್ತ ಎಳೆದುಕೊಂಡು ಒಂದು ಕೀ ಒತ್ತುತ್ತಾರೆ. "ಲೇ, ಎಲ್ಲಿದ್ದೀಯೇ?" ಎಂದು ತುಂಬು ಗಂಟಲಿನ ಗಂಡು ಸ್ವರ ಅಂಗಡಿಯೊಳಗೆ ಕೇಳುತ್ತದೆ. "ಇಲ್ಲೇ ಇದ್ದೀನಿ" ಎನ್ನುತ್ತ ಹೆಂಡತಿ ಅಳುತ್ತಾಳೆ. ಬೀಪಕ್ಕ ದನಿ ಇನ್ನಷ್ಟು ಏರಿಸಲು ಹೇಳುತ್ತಾರೆ. ಅವರಿಗೂ ಕೇಳಬೇಕು. ಕಂಡಕ್ಟರ್ ಹುಡುಕಿ ಹುಡುಕಿ ಇನ್ನೊಂದು ಕೀ ಒತ್ತುತ್ತಾರೆ. "ರೈಟ್, ರೈಟ್, ಹೋಗೋಣ!" ಬೀಪಕ್ಕನಿಗೆ ನಗು ತಡೆಯಲಾಗುವುದಿಲ್ಲ.

ಗಂಡ ಹೆಂಡತಿ ಹೊರಡುವ ಮುನ್ನ ಬೀಪಕ್ಕ ಇಬ್ಬರಿಗೂ ಕೈ ಮುಗಿಯುತ್ತಾರೆ. "ನನ್ನ ಕಿವಿ ಹೋಗಿದೆ ಅಣ್ಣ. ನಿಮ್ಮ ಬೋರ್ಡ್ ಹೋಗಿರ್ಲಿಲ್ಲ."

ಮುಂದಿನ ಗಿರಾಕಿ ಬೇಕರಿಯವನು. ಪೆಟ್ಟಿಗೆ ಇಟ್ಟು, ಸಂಜೆ ಬರ್ತೀನಿ ಎಂದು ಹೊರಟವನನ್ನು ಬೀಪಕ್ಕ ತಡೆದು ಸ್ಟೂಲಿನ ಮೇಲೆ ಕೂರಿಸುತ್ತಾರೆ. "ನನಗೆ ಕೇಳಿಸಲ್ಲ ಕಣಪ್ಪ. ಎಷ್ಟು ಸಲ ಕೂಗತ್ತೋ ಬೆಂಚಿಗೆ ಬಡಿದು ಹೇಳು. ಉಳಿದಿದ್ದು ನಾನು ನೋಡ್ಕೊಳ್ತೀನಿ." ಅವನು ಪೆಚ್ಚುಪೆಚ್ಚಾಗಿ ಕುಳಿತು ಕಿವಿ ಕೊಡುತ್ತಾನೆ.

ಈ ಲೇಖನಕ್ಕಾಗಿ ಮಾತಾಡಿಸಿದಾಗ, ಪತ್ರಿಕೆಯಲ್ಲಿ ತಮ್ಮ ಹೆಸರು ಬೇಡ, ಫೋಟೊ ಬೇಡ ಎನ್ನುತ್ತಾರೆ ಬೀಪಕ್ಕ. ಬರೆಯಲೇಬೇಕಾದದ್ದು ಒಂದಿದೆಯಂತೆ.

"ಇದು ಸತ್ತಿದೆ ಅಂತ ನಾನು ಹೇಳಿ ಕಳಿಸಿದ ಪೆಟ್ಟಿಗೆ ಯಾರ ಮನೆ ಅಟ್ಟದ ಮೇಲಾದ್ರೂ ಇದ್ರೆ, ಎಸೀಬೇಡಿ, ಇನ್ನೊಂದ್ಸಲ ತನ್ನಿ ಅಂತ ಬರೀರಿ. ದುಡ್ಡು ಬೇಡ. ಪಕ್ಕದಲ್ಲಿ ಕೂತು ಕೇಳಿಸ್ಕೊಂಡ್ರೆ ಸಾಕು. ಪಾಪ, ಅದು ಆವತ್ತೂ ಕೂಗ್ತಾ ಇತ್ತೇನೋ."