ಕಪ್ಪೆಯ ಎಂಜಲು

ಆ ಬರದ ವರ್ಷ ಔರಾದ ಬಳಿಯ ಒಣಗಿದ ಕೆರೆಯಲ್ಲಿ ಹೂಳು ತೆಗೆಯುವಾಗ ಮಣ್ಣಿನಡಿ ಒಂದು ಕಪ್ಪೆ ಜೀವಂತವಾಗಿ ಸಿಕ್ಕಿತು. ಅದರಂತೆಯೇ ಕಾಣುವ ಜಾತಿಗಳು ಹಲವು. ಡಿಎನ್‌ಎ ಓದಿಸಿಯೇ ಗುರುತಿಸಬೇಕಿತ್ತು. ಸಂಶೋಧನಾ ವಿದ್ಯಾರ್ಥಿನಿಯಾಗಿದ್ದ ನಾನು ಅದರ ಬಾಯೊಳಗೆ ಹತ್ತಿ ಆಡಿಸಿ, ಕಪ್ಪೆಯನ್ನು ಮತ್ತೆ ಮಣ್ಣಿಗೆ ಬಿಟ್ಟೆ. ಹತ್ತಿಯನ್ನು ಮಂಜುಗಡ್ಡೆಯ ಡಬ್ಬಿಯಲ್ಲಿಟ್ಟು ಬೀದರ್ ಬಸ್ ಹತ್ತಿದೆ.

ಬಸ್ಸಿನ ತುಂಬ ಗಂಟುಮೂಟೆಗಳೊಡನೆ ಹೈದರಾಬಾದಿಗೆ ದುಡಿಯಲು ಹೊರಟವರು. ಅರ್ಧ ದಾರಿಯಲ್ಲಿ ಬಸ್ ಕೆಟ್ಟು ನಿಂತಿತು. ಮಂಜು ಕರಗುತ್ತಿದ್ದಂತೆ ನಾನು ಮತ್ತೆ ಮತ್ತೆ ಡಬ್ಬಿ ಮುಟ್ಟಿ ನೋಡತೊಡಗಿದೆ. ಇದು ಕೆಟ್ಟರೆ ಇನ್ನೊಂದು ಕಪ್ಪೆಯನ್ನು ಎಲ್ಲಿ ಹುಡುಕಲಿ?

"ಯಾಕ್ರಿ ಅಕ್ಕಾ, ಡಬ್ಬಿನೇ ನೋಡ್ಲಿಕತ್ತೀರಿ? ಔಷಧಿ ಏನ್ರಿ?" ಪಕ್ಕದ ಹೆಂಗಸು ಕೇಳಿದಳು.

"ಕಪ್ಪಿ ಎಂಜಲರಿ. ಬಿಸಿ ಆದ್ರ ಕೆಡ್ತದ."

ಆಕೆ ಮಡಿಲಲ್ಲಿದ್ದ ಮಗುವಿಗೆಂದು ತಂದಿದ್ದ ನೀರಿನಲ್ಲಿ ಟವೆಲ್ ತೋಯಿಸಿದಳು.

"ಬ್ಯಾಡ್ರಿ, ಕೂಸಿಗಿರ್ಲಿ," ಎಂದೆ.

"ಕೂಸ ಈಗ ಕುಡದದ್ರಿ," ಎಂದು ಡಬ್ಬಿಗೆ ಸುತ್ತಿಯೇಬಿಟ್ಟಳು.

ಫಲಿತಾಂಶ ಬರುವವರೆಗೂ ನನಗೆ ಊಟ ಸೇರಲಿಲ್ಲ. ಕೊನೆಗೆ ಡಿಎನ್‌ಎ ಸರಿಯಾಗಿಯೇ ಓದಲು ಬಂತು: ಸಾಮಾನ್ಯ ಬಿಲಗಪ್ಪೆ. ಹೊಸದೇನೂ ಅಲ್ಲವೆಂದು ಗೈಡ್ ಬೇಸರಪಟ್ಟರು. ಹೆಸರಾದರೂ ಸಿಕ್ಕಿತಲ್ಲ ಎಂದು ನಾನು ಅಂದು ಹೊಟ್ಟೆ ತುಂಬ ಉಂಡೆ.