ಅಪ್ಪ ಬಣ್ಣ ಬಳಿಯದೆ ಬಿಟ್ಟ ಜಾಗ

ನಮ್ಮ ಜೀಪು ನನಗಿಂತ ಹಿರಿಯದು. ಚಿನ್ನದ ಗಣಿ ಮುಚ್ಚಿದಾಗ ಹರಾಜಿನಲ್ಲಿ ಅಪ್ಪ ಹಿಡಿದದ್ದು. ಅಪ್ಪ ಗಣಿಯ ವರ್ಕ್‌ಶಾಪಿನಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದ. ಅಣ್ಣನ ಕೈಗೆ ಸ್ಟೀರಿಂಗ್ ಕೊಟ್ಟ, ನನ್ನ ಕೈಗೆ ಕರೆಂಟು ಇದೆಯೋ ಇಲ್ಲವೋ ನೋಡುವ ಟೆಸ್ಟ್ ಲ್ಯಾಂಪು ಕೊಟ್ಟ. ಹೆಣ್ಣುಮಗಳು ಜೀಪು ಓಡಿಸಿದರೆ ಗಣಿ ಕಾರ್ಮಿಕರ ಲೈನಿನ ಜನ ಏನಂದಾರು ಅನ್ನುವುದು ಅವನ ಭಯ. ಅನ್ನುವವರು ಹೇಗಿದ್ದರೂ ಅನ್ನುತ್ತಿದ್ದರು. ಅಪ್ಪ ಹೋದಮೇಲೆ, ನಲವತ್ತು ದಾಟಿ, ಗಣಿಯ ಕಸ ಸುರಿದ ಸೈನೈಡ್ ದಿಬ್ಬದ ಪಕ್ಕದ ಬಯಲಿನಲ್ಲಿ ನಾನೇ ಓಡಿಸಲು ಕಲಿತೆ. ಚಾಂಪಿಯನ್ ರೀಫ್ಸಿನ ನಮ್ಮ ಲೈನ್ ಮನೆಯ ಮುಂದೆಯೇ ಜೀಪು ಈಗಲೂ ನಿಲ್ಲುತ್ತದೆ.

ಈ ಸಲ ಆಯುಧಪೂಜೆ ಮುಗಿದ ವಾರದಲ್ಲೇ ಮೀಟರ್ ಪಕ್ಕದ ಕೆಂಪು ದೀಪ ಹತ್ತಿಕೊಂಡಿತು. ಇಂಜಿನ್ ಚಾಲೂ ಆದಮೇಲೆ ಆ ದೀಪ ಆರಬೇಕು. ಆರದಿದ್ದರೆ ಡೈನಮೋದಿಂದ ಬ್ಯಾಟರಿಗೆ ಕರೆಂಟು ಹೋಗುತ್ತಿಲ್ಲ ಎಂದರ್ಥ. ನಾಲ್ಕು ದಿನಕ್ಕೆ ಬ್ಯಾಟರಿಯಲ್ಲಿ ಸ್ಟಾರ್ಟರ್ ತಿರುಗಿಸುವಷ್ಟು ಜೀವ ಉಳಿಯಲಿಲ್ಲ. ಜೀಪನ್ನು ಇಳಿಜಾರಿಗೆ ತಳ್ಳಿಸಿ ಚಾಲೂ ಮಾಡಿ ಬಂಗಾರಪೇಟೆಗೆ ಒಯ್ದೆ. ಅಲ್ಲಿಯ ಮೆಕ್ಯಾನಿಕ್ ಬಾನೆಟ್ ಎತ್ತಿದ, ಒಳಗೆ ಕೈಯನ್ನೇ ಇಡದೆ ತೀರ್ಪು ಕೊಟ್ಟ.

“ಡೈನಮೋ ಸುಟ್ಟೋಗೈತೆ ಅಕ್ಕ. ಇದಕ್ಕೆ ವೈಂಡಿಂಗ್ ಕಟ್ಟೋರು ಈಗ ಯಾರವ್ರೆ? ಗುಜರಿಗೆ ಆಕ್ಬುಡಿ.”

ಅಣ್ಣನ ಮನೆ ಅದೇ ಬೀದಿಯಲ್ಲಿ. ಜೀಪಿನ ಕಾಗದ ಇನ್ನೂ ಅವನ ಹೆಸರಿನಲ್ಲೇ ಇದೆ. ಅವನೂ ಬಂದು ಪಕ್ಕ ನಿಂತು ತಲೆ ಅಲ್ಲಾಡಿಸಿದ.

“ಎಷ್ಟು ದಿನ ತಳ್ಳಿಸ್ತೀಯಲೇ? ಭಾನುವಾರ ಲೈಟು ಆಕ್ಕೊಂಡು ಇದನ್ನ ನಮ್ಮನೆ ಬಾಗ್ಲಿಗೆ ಓಡಿಸ್ಕೊಂಡು ಬಾ. ಬಂದ್ರೆ ನಿನ್ನೆಸ್ರಿಗೇ ಬರ್ಕೊಡ್ತೀನಿ. ಇಲ್ಲಾಂದ್ರೆ ಗುಜರಿಯೋನಿಗೆ ಏಳ್ಬುಡ್ತೀನಿ.”

“ಭಾನುವಾರ ಕಾಫಿ ಮಾಡ್ಸಿಟ್ಟಿರು,” ಅಂದೆ. ಮೈಯೆಲ್ಲ ಉರಿಯುತ್ತಿತ್ತು. ಕೈಯಿಟ್ಟು ನೋಡದವನ ಮಾತಿಗೆ ಅಪ್ಪನ ಜೀಪು ಗುಜರಿಗೆ ಹೋಗಬೇಕಂತೆ.

ಶನಿವಾರ ಬೆಳಿಗ್ಗೆ ಅಪ್ಪನ ಟೆಸ್ಟ್ ಲ್ಯಾಂಪು ಹುಡುಕಿ ತೆಗೆದೆ. ಒಂದು ಬಲ್ಬು, ಎರಡು ವೈರು, ಅಷ್ಟೇ. ಗಣಿಯವರು ಬಾಯಿಮಾತು ನಂಬುತ್ತಿರಲಿಲ್ಲ, ಬಲ್ಬನ್ನು ನಂಬುತ್ತಿದ್ದರು. ಬೆಲ್ಟು ಒತ್ತಿ ನೋಡಿದೆ, ಬಿಗಿಯಾಗಿತ್ತು. ಡೈನಮೋದ ಎರಡೂ ವೈರು ಬಿಚ್ಚಿ, ವೈರು ಸಿಕ್ಕಿಸುವ ಅದರ ಎರಡು ಮೂತಿಗಳನ್ನು ತುಂಡು ತಂತಿಯಿಂದ ಸೇರಿಸಿದೆ. ಪಕ್ಕದ ಮನೆಯವರಿಂದ ತಳ್ಳಿಸಿ ಇಂಜಿನ್ ಚಾಲೂ ಮಾಡಿದೆ. ಲ್ಯಾಂಪಿನ ಒಂದು ವೈರು ಆ ತಂತಿಗೆ, ಇನ್ನೊಂದು ಇಂಜಿನ್ ಮೈಗೆ. ಬಲ್ಬು ಝಗ್ಗೆಂದು ಹತ್ತಿತು. ಡೈನಮೋ ಸುಟ್ಟಿರಲಿಲ್ಲ. ಸುಳ್ಳುಬುರುಕ ಎಂದು ಮೆಕ್ಯಾನಿಕ್‌ಗೆ ಅಲ್ಲಿಂದಲೇ ಬೈದೆ.

ಅಂದರೆ ಹುಟ್ಟಿದ ಕರೆಂಟು ದಾರಿಯಲ್ಲೆಲ್ಲೋ ನಿಲ್ಲುತ್ತಿದೆ. ದಾರಿಯಲ್ಲಿ ಇರುವುದು ಒಂದೇ, ಕಟೌಟ್ ಡಬ್ಬಿ. ಡೈನಮೋ ಕರೆಂಟನ್ನು ಬ್ಯಾಟರಿಗೆ ಬಿಡುವುದೂ ತಡೆಯುವುದೂ ಅದೇ. ಇಂಜಿನ್ ನಿಲ್ಲಿಸಿ ಡಬ್ಬಿಯ ಸ್ಕ್ರೂ ಬಿಚ್ಚಿ ಎತ್ತಿದೆ. ಕೆಳಗೆ ಹೊಳೆಹೊಳೆಯುವ ಹಸಿರು ಬಣ್ಣ. ಉಗುರಿನಿಂದ ಕೆರೆದು ನೋಡಿದೆ.

ಆ ಬಣ್ಣ ನನ್ನದು. ಪ್ರತಿ ಆಯುಧಪೂಜೆಗೂ ಅಪ್ಪ ಡಬ್ಬಿ ಬಿಚ್ಚಿಟ್ಟು ಬಾನೆಟ್ ಒಳಗೂ ಬಣ್ಣ ಬಳಿಯುತ್ತಿದ್ದ, ಆ ಸ್ಕ್ರೂ ಬುಡದಲ್ಲಿ ಮಾತ್ರ ಕಾಸಗಲ ಬೋಳು ಬಿಡುತ್ತಿದ್ದ. ಗಾಡಿಗೆ ದೃಷ್ಟಿಯಾಗದಿರಲಿ ಅಂತ ಬಿಡುತ್ತಾನೆ ಅಂದುಕೊಂಡಿದ್ದೆ, ಅವನು ಹೋದಮೇಲೆ ನಾನೂ ಹಾಗೇ ಬಿಡುತ್ತಿದ್ದೆ. ನಮ್ಮ ಲೈನಿನಲ್ಲಿ ಹೊಸ ಮಿಕ್ಸಿಗೂ ಕಪ್ಪು ಬೊಟ್ಟು ಇಡುತ್ತಾರೆ. ಈ ಸಲ ಯಾರ ಕಣ್ಣು ಬೇಕಾದರೂ ಬೀಳಲಿ ಎಂದು ಅಲ್ಲಿಗೂ ದಪ್ಪಗೆ ಬಳಿದು, ಡಬ್ಬಿ ಮತ್ತೆ ಕೂರಿಸಿ ಮೇಲೆ ಕುಂಕುಮ ಇಟ್ಟಿದ್ದೆ. ಆ ಬೋಳು ಜಾಗದಿಂದಲೇ ಡಬ್ಬಿಗೆ ಅರ್ತಿಂಗ್ ಸಿಗುತ್ತಿದ್ದದ್ದು. ಲೋಹಕ್ಕೆ ಲೋಹ ತಾಗದಿದ್ದರೆ ಡಬ್ಬಿ ಕೆಲಸ ಮಾಡದು.

ನನ್ನ ಮೇಲೂ ಸಿಟ್ಟು ಬಂತು, ಅಪ್ಪನ ಮೇಲೆ ಅದಕ್ಕಿಂತ ಹೆಚ್ಚು ಬಂತು. ಅಷ್ಟು ವರ್ಷ ಲ್ಯಾಂಪು ಹಿಡಿಸಿಕೊಂಡೆಯಲ್ಲ, ಒಂದು ಮಾತು ಹೇಳಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು? ಅಳುತ್ತಲೇ ಉಪ್ಪುಕಾಗದದಿಂದ ಬಣ್ಣ ಉಜ್ಜಿದೆ. ತಗಡು ಬೆಳ್ಳಗೆ ಕಂಡಮೇಲೆ ಡಬ್ಬಿ ಕೂರಿಸಿ, ವೈರುಗಳನ್ನು ಮೊದಲಿನಂತೆ ಸಿಕ್ಕಿಸಿ, ಮತ್ತೆ ತಳ್ಳಿಸಿದೆ. ಇಂಜಿನ್ ಹಿಡಿಯಿತು. ಡಬ್ಬಿಯೊಳಗೆ ಟಕ್ ಅಂತು, ಕೆಂಪು ದೀಪ ಆರಿತು.

ಭಾನುವಾರ ಹಾಡಹಗಲು ಲೈಟು ಹಾಕಿಕೊಂಡೇ ಹೊರಟೆ. ಊರಿಗಾಂ ದಾಟುವಷ್ಟರಲ್ಲಿ ಎದುರು ಬಂದ ಬೈಕಿನವರೆಲ್ಲ ಬೆರಳು ಮುಚ್ಚಿ ಬಿಚ್ಚಿ ಸನ್ನೆ ಮಾಡಿದರು, ಲೈಟು ಉರಿಯುತ್ತಿದೆ ಅಂತ. ಗೊತ್ತು ಬಿಡ್ರಪ್ಪ ಎಂದು ನಾನೂ ಕೈ ಬೀಸಿದೆ.

ಅಣ್ಣ ಬಾಗಿಲಲ್ಲೇ ನಿಂತಿದ್ದ. ಹೆಡ್‌ಲೈಟಿಗೆ ಅಂಗೈ ಅಡ್ಡ ಹಿಡಿದು ನೋಡಿದ.

“ಏನಾಗಿತ್ತು?”

“ನಾನೇ ಕೆಡಿಸಿದ್ದೆ. ನಾನೇ ಸರಿ ಮಾಡ್ದೆ.”

ಬಾನೆಟ್ ಮೇಲೆ ಒಮ್ಮೆ ಕೈಯಾಡಿಸಿದ. ಆಮೇಲೆ ಹಳೆಯ ಅಭ್ಯಾಸದಂತೆ ಸ್ಟೀರಿಂಗ್ ಕಡೆಗೇ ಬಂದು ನಿಂತ.

“ಕೆಳ್ಗಿಳಿ ಲೇ, ಒಂದು ರೌಂಡು ಓಗ್ಬತ್ತೀನಿ.”

ನಾನು ಕದಲಲಿಲ್ಲ. ಸೀಟಿನ ಮೇಲಿದ್ದ ಟೆಸ್ಟ್ ಲ್ಯಾಂಪನ್ನು ಎತ್ತಿ ಅವನ ಕೈಗೆ ಕೊಟ್ಟೆ.

“ಇದನ್ನ ಇಡ್ಕೊಂಡು ಆ ಕಡೆ ಅತ್ಕೋ ಅಣ್ಣ.”